ಸೋಮವಾರ ಲೇತ್ ನಡೆಸೋರು ಯಾರು?
ಕುಡಿತದಿಂದ ಸಣ್ಣ ಉದ್ಯಮಕ್ಕಾಗುವ ನಷ್ಟದ ಬಗ್ಗೆ ಒಂದು ಲೇಖನ ಓದಿದೆ. ಅದು ಆ ನಷ್ಟವನ್ನು ಕೆಲಸಗಾರರು ಕುಡಿದು ಹಾಕುವ ರಜೆಯ ಲೆಕ್ಕದಲ್ಲಷ್ಟೇ ನೋಡಿದೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕೈದು ಜನರ ವರ್ಕ್‌ಶಾಪಿನ ಕಥೆ ಬೇರೆ. ಶನಿವಾರ ಬಟವಾಡೆ, ಸೋಮವಾರ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಮಿಷನ್) ಆಪರೇಟರ್ ನಾಪತ್ತೆ. ದೊಡ್ಡ ಫ್ಯಾಕ್ಟರಿಯಲ್ಲಾದರೆ ಬದಲಿ ಆಳು ಇರುತ್ತಾನೆ, ಇಲ್ಲಿ ಮಿಷನ್ನೇ ನಿಲ್ಲುತ್ತದೆ. ಬಂದರೂ ಕೈ ನಡುಕ. ಅಳತೆ ಚೂರು ತಪ್ಪಿದರೆ ಇಡೀ ಲಾಟ್ ರಿಜೆಕ್ಟ್. ಬೆರಳೇ ಹೋದರೆ? ಕೆಲಸದಿಂದ ತೆಗೆದರೆ ಕೊಟ್ಟ ಅಡ್ವಾನ್ಸ್ ಮುಳುಗಿತು ಅಂತಲೇ ಅರ್ಥ. ಮಾಲೀಕನೇ ಕುಡಿಯುತ್ತಿದ್ದರಂತೂ ಕೇಳಲೇಬೇಡಿ, ಗಲ್ಲಾಪೆಟ್ಟಿಗೆಗೂ ಜೇಬಿಗೂ ವ್ಯತ್ಯಾಸವೇ ಇರುವುದಿಲ್ಲ.

ಇನ್ನೊಂದು ಮಾತು. ಕುಡಿಯುವವರಿಗೆ ‘ಇವತ್ತಿಂದಲೇ ಬಿಡು’ ಅಂತ ಹೇಳಿ ಎನ್ನುತ್ತದೆ ಲೇಖನ, ಆದರೆ ಹಾಗೆ ಸುಮ್ನೆ ಗದರಿಸಬೇಡಿ. ದಿನಾ ಜಾಸ್ತಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ ಆಸ್ಪತ್ರೆಯಲ್ಲಿ ಕುಡಿತ ಬಿಡಿಸೋಕೇ ಬೇರೆ ವಿಭಾಗವಿದೆ.