ಅಮ್ಮನ ವೋಟು ಎಲ್ಲಿ ಹೋಯ್ತು?

ಇವತ್ತು ಮತದಾರರ ಪಟ್ಟಿ ತೆಗೆದು ನೋಡಿದೆ. ಅಮ್ಮನ ಹೆಸರಿಲ್ಲ! ಮೂವತ್ತು ವರ್ಷದಿಂದ ಒಂದೇ ಮನೆ, ಒಂದೇ ಬೂತ್. ವೋಟರ್ ಐಡಿ ಕೈಯಲ್ಲೇ ಇದೆ, ಅಂಚು ಸವೆದು ಫೋಟೊ ಮಾಸಿದೆ. ಫಾರಂ 7 ಹಾಕಿ ಹೆಸರು ತೆಗೆಸಿದವರು ಯಾರು? ಅದೇ ಪಟ್ಟಿಯಲ್ಲಿ ಹಿಂದಿನ ಬೀದಿಯ ಒಂಟಿ ಕೋಣೆಯ ವಿಳಾಸಕ್ಕೆ ಹದಿನೆಂಟು ಹೆಸರು. ಅಲ್ಲಿರೋದು ಒಬ್ಬ ಅಜ್ಜಿ ಮಾತ್ರ.

ಗೆದ್ದವರ ಹತ್ತಿರ ಹೋದೆ. ‘ಚುನಾವಣೆ ಮುಗೀತಲ್ಲ, ಬಿಡಿ’ ಅಂದರು. ಸೋತವರು ‘ಮುಂದಿನ ಸಲ ನೋಡೋಣ’ ಅಂದರು. ಅಮ್ಮನ ಕಾಲಿಗೆ ಬಿದ್ದು ವೋಟು ಕೇಳಿದ್ದವರೇ ಇವರೆಲ್ಲ.

2022ರಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಕದ್ದರು ಅಂತ ಗಲಾಟೆ. 2025ರಲ್ಲಿ ಬೆಂಗಳೂರಿನ ಮಹದೇವಪುರ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ನಕಲಿ ಹೆಸರುಗಳಿವೆ ಅಂತ ಆರೋಪ. ಪಕ್ಷಗಳವರು ಒಬ್ಬರನ್ನೊಬ್ಬರು ಬೈದುಕೊಂಡರು. ನಮ್ಮ ಬೀದಿಗೆ ಬಂದು ಬಾಗಿಲು ತಟ್ಟಿ ನೋಡಿದವರು ಯಾರಾದರೂ ಇದ್ದಾರಾ?

ಬಿಸಿಲಲ್ಲಿ ಕ್ಯೂ ನಿಲ್ಲುವವರು ನಾವು ತಾನೇ? ‘ನಾನಿನ್ನೂ ಬದುಕಿದ್ದೀನಿ ಅಲ್ವಾ?’ ಅಂತ ಅಮ್ಮ ಕೇಳುತ್ತಾರೆ. ನನಗೆ ಮಾತೇ ಬರಲಿಲ್ಲ.