ಹವ್ಯಾಸಕ್ಕೆ ಓಡುವವರೂ ಕ್ರೀಡಾಪಟುಗಳೇ

ಮೂರು ವರ್ಷಗಳ ಹಿಂದೆ ನನ್ನ ಎಡಗಾಲಿನ ಮುಂಗಾಲ ಮೂಳೆಯಲ್ಲಿ, ಒಂದು ಬೆರಳಿನಿಂದ ಒತ್ತಿ ತೋರಿಸಬಹುದಾದಷ್ಟು ಸಣ್ಣ ಜಾಗದಲ್ಲಿ, ನೋವು ಶುರುವಾಯಿತು. ಮೊದಮೊದಲು ಓಡುವಾಗ ಮಾತ್ರ ಇದ್ದ ನೋವು ಆಮೇಲೆ ಮೆಟ್ಟಿಲಿಳಿಯುವಾಗಲೂ, ಕೊನೆಗೆ ರಾತ್ರಿ ಮಲಗಿದಾಗಲೂ ಕಾಡತೊಡಗಿದಾಗ ವೈದ್ಯರೊಬ್ಬರನ್ನು ಕಂಡೆ. ವಾರಕ್ಕೆ ಐದು ದಿನ ಓಡುತ್ತೇನೆ, ನಾಲ್ಕು ತಿಂಗಳಲ್ಲಿ ಮ್ಯಾರಥಾನ್ ಇದೆ, ವಾರದ ಒಟ್ಟು ದೂರವನ್ನು ಈಚೆಗಷ್ಟೇ 40 ಕಿಲೋಮೀಟರಿನಿಂದ 60ಕ್ಕೆ ಏರಿಸಿದ್ದೇನೆ ಎಂದು ಬಿಡಿಸಿ ಹೇಳಿದೆ. ಅವರು ಎಕ್ಸ್‌ರೇ ನೋಡಿ ಮೂಳೆ ಸರಿಯಾಗಿಯೇ ಇದೆ ಎಂದರು. ಬಳಿಕ, "ನೀವೇನೂ ಅಥ್ಲೀಟ್ ಅಲ್ಲವಲ್ಲ, ಓಡುವುದನ್ನು ಬಿಟ್ಟರಾಯಿತು" ಎಂದು ನೋವಿನ ಮಾತ್ರೆ ಬರೆದುಕೊಟ್ಟರು.

ಆರು ವಾರಗಳ ನಂತರ ಬೇರೊಬ್ಬರು ಎಂಆರ್‌ಐ ಮಾಡಿಸಿದಾಗ ಅದು ಸ್ಟ್ರೆಸ್ ಫ್ರಾಕ್ಚರ್, ಎಂದರೆ ಮೇಲಿಂದ ಮೇಲೆ ಬೀಳುವ ಒತ್ತಡದಿಂದ ಮೂಳೆಯಲ್ಲಿ ಮೂಡುವ ಸಣ್ಣ ಬಿರುಕು, ಎಂದು ತಿಳಿಯಿತು. ಈ ಬಗೆಯ ಬಿರುಕು ಆರಂಭದ ವಾರಗಳಲ್ಲಿ ಅನೇಕ ವೇಳೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂಬುದು ಕ್ರೀಡಾವೈದ್ಯಕೀಯದಲ್ಲಿ ಹಳೆಯ ಪಾಠ. ಎರಡನೆಯ ವೈದ್ಯರು ನನ್ನನ್ನು ಕೇಳಿದ ಮೊದಲ ಪ್ರಶ್ನೆಗಳು ಬೇರೆಯೇ ಆಗಿದ್ದವು: ಎಷ್ಟು ವಾರಗಳಲ್ಲಿ ದೂರ ಏರಿಸಿದಿರಿ, ಓಡಿ ಬಂದ ಮೇಲೆ ಊಟ ಹೇಗೆ, ಮುಟ್ಟು ನಿಯಮಿತವಾಗಿದೆಯೇ. ಶ್ರಮಕ್ಕೆ ತಕ್ಕಷ್ಟು ಆಹಾರ ಸೇರದಿದ್ದಾಗ ಹಾರ್ಮೋನುಗಳು ಏರುಪೇರಾಗಿ ಮೂಳೆ ದುರ್ಬಲವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಸ್ಥಿತಿಗೆ ಒಂದು ಹೆಸರನ್ನೇ ಕೊಟ್ಟಿದ್ದಾರೆ. ಮೊದಲ ವೈದ್ಯರು ಈ ಪ್ರಶ್ನೆಗಳನ್ನು ಕೇಳದೆ ಹೋದದ್ದು ತಿಳಿವಳಿಕೆ ಇಲ್ಲದ್ದರಿಂದ ಅಲ್ಲ ಎಂದೇ ನಾನು ನಂಬುತ್ತೇನೆ. ಎದುರಿಗೆ ಕುಳಿತವಳು ನಲವತ್ತು ದಾಟಿದ, ಕಚೇರಿ ಕೆಲಸದ, ಯಾವ ಪದಕವೂ ಇಲ್ಲದ ಹೆಂಗಸು. ಹಾಗಾಗಿ ಆ ಪ್ರಶ್ನೆಗಳು ಇವಳಿಗೆ ಸಂಬಂಧಿಸಿದವಲ್ಲ ಎಂದು ಅವರು ಎಣಿಸಿದ್ದರು. ಹವ್ಯಾಸಕ್ಕಾಗಿ ಕ್ರೀಡೆಯಲ್ಲಿ ತೊಡಗುವವರನ್ನು ಕ್ರೀಡಾಪಟುಗಳೆಂದು ಕರೆಯಬೇಕೇ ಎಂಬ ಪ್ರಶ್ನೆ ನನಗೆ ಬರಿಯ ಪದದ ಚರ್ಚೆಯಾಗಿ ಉಳಿಯದಿರುವುದು ಇದರಿಂದ.

ಕರೆಯಬೇಕು ಎಂಬುದು ನನ್ನ ನಿಲುವು. ಆದರೆ ಎಲ್ಲರನ್ನೂ ಅಲ್ಲ, ಮತ್ತು ನಾನು ಎಳೆಯುವ ಗೆರೆ ಸಾಮಾನ್ಯವಾಗಿ ಜನ ಎಳೆಯುವ ಜಾಗದಲ್ಲಿಲ್ಲ.

ಸಾಮಾನ್ಯವಾಗಿ ಗೆರೆ ಬೀಳುವುದು ಹಣ ಮತ್ತು ಹೆಸರಿನ ಬಳಿ: ಕ್ರೀಡೆಯಿಂದ ಬದುಕುವವರು, ದೇಶವನ್ನೋ ರಾಜ್ಯವನ್ನೋ ಪ್ರತಿನಿಧಿಸುವವರು ಕ್ರೀಡಾಪಟುಗಳು, ಉಳಿದವರು ಸುಮ್ಮನೆ ಭಾಗವಹಿಸುವವರು. ಈ ಗೆರೆ ಸಹಜವೆಂದು ತೋರುವುದು ನಾವು ಈ ಕಾಲದಲ್ಲಿ ನಿಂತು ನೋಡುತ್ತಿರುವುದರಿಂದ ಮಾತ್ರ. ನೂರು ವರ್ಷಗಳ ಹಿಂದೆ ಇದೇ ಗೆರೆ ತಿರುವುಮುರುವಾಗಿತ್ತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್ (ಐದು ಕ್ರೀಡೆಗಳ ಸ್ಪರ್ಧೆ) ಮತ್ತು ಡೆಕಾಥ್ಲಾನ್ (ಹತ್ತು ಕ್ರೀಡೆಗಳದ್ದು) ಎರಡನ್ನೂ ಗೆದ್ದ ಅಮೆರಿಕದ ಜಿಮ್ ಥಾರ್ಪ್ ಅವರಿಂದ ಮರುವರ್ಷವೇ ಪದಕಗಳನ್ನು ಕಿತ್ತುಕೊಂಡದ್ದು, ಅವರು ಹಿಂದೆ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರು ಎಂಬ ಒಂದೇ ಕಾರಣಕ್ಕೆ. ಅವರು ತೀರಿಕೊಂಡದ್ದು 1953ರಲ್ಲಿ. ಪದಕಗಳ ಪ್ರತಿರೂಪಗಳು ಕುಟುಂಬದ ಕೈ ಸೇರಿದ್ದು 1983ರಲ್ಲಿ. ಆ ಎರಡು ಸ್ಪರ್ಧೆಗಳ ಏಕೈಕ ವಿಜೇತರೆಂದು ದಾಖಲೆ ಸರಿಹೋದದ್ದು 2022ರಲ್ಲಿ. ಅಂದಿನ ನಿಯಮದ ಪ್ರಕಾರ ಹವ್ಯಾಸಿಯೇ ನಿಜವಾದ ಕ್ರೀಡಾಪಟು, ಹಣ ಪಡೆದವನು ಕ್ರೀಡೆಗೆ ಕಳಂಕ.

ಆ ನಿಯಮದ ಹಿಂದೆ ಆದರ್ಶಕ್ಕಿಂತ ಹೆಚ್ಚಾಗಿ ಅಂತಸ್ತು ಇತ್ತು ಎನ್ನುವುದನ್ನೂ ಹೇಳಬೇಕು. ಇಂಗ್ಲೆಂಡಿನ ಹೆನ್ಲಿ ದೋಣಿಸ್ಪರ್ಧೆಯ 1879ರ ನಿಯಮಾವಳಿಯಂತೆ ಕೂಲಿಗಾಗಿ ದುಡಿಯುವ ಕುಶಲಕರ್ಮಿಯಾಗಲಿ ಕಾರ್ಮಿಕನಾಗಲಿ ಹವ್ಯಾಸಿ ಎನಿಸಿಕೊಳ್ಳುವಂತಿರಲಿಲ್ಲ. ಅವನು ದೋಣಿ ನಡೆಸಿ ಒಂದು ಕಾಸೂ ಸಂಪಾದಿಸಿರದಿದ್ದರೂ ಅಷ್ಟೇ. ಮೈಮುರಿದು ದುಡಿಯುವವನ ತೋಳಿನ ಬಲ ಅವನಿಗೆ ಅನ್ಯಾಯದ ಲಾಭ ಕೊಡುತ್ತದೆ ಎಂಬ ಸಮರ್ಥನೆಯೂ ಇತ್ತು. ಯಾರು ಒಳಗೆ, ಯಾರು ಹೊರಗೆ ಎಂದು ನಿರ್ಧರಿಸುವ ಅಧಿಕಾರ ಒಂದು ಗುಂಪಿನ ಕೈಯಲ್ಲಿದ್ದಾಗ, ವ್ಯಾಖ್ಯೆ ಆ ಗುಂಪಿನ ಆಕಾರವನ್ನೇ ತಳೆಯುತ್ತದೆ. 1966ರಲ್ಲಿ ಅಮೆರಿಕದ ಓಟಗಾರ್ತಿ ಬಾಬಿ ಗಿಬ್ ಬಾಸ್ಟನ್ ಮ್ಯಾರಥಾನ್‌ಗೆ ಅರ್ಜಿ ಹಾಕಿದಾಗ, ಹೆಂಗಸರ ದೇಹಕ್ಕೆ ಅಷ್ಟು ದೂರ ಓಡುವ ಶಕ್ತಿಯಿಲ್ಲ ಎಂಬ ಉತ್ತರ ಬಂತು. ಅವರು ಆರಂಭದ ಗೆರೆಯ ಹತ್ತಿರದ ಪೊದೆಯೊಂದರ ಮರೆಯಲ್ಲಿ ಕಾದಿದ್ದು ಓಟಗಾರರ ನಡುವೆ ಸೇರಿಕೊಂಡು, ಸುಮಾರು 3 ಗಂಟೆ 21 ನಿಮಿಷಗಳಲ್ಲಿ ಓಟ ಮುಗಿಸಿದರು. ಆ ಸ್ಪರ್ಧೆ ಮಹಿಳೆಯರಿಗೆ ಅಧಿಕೃತವಾಗಿ ತೆರೆದುಕೊಂಡದ್ದು 1972ರಲ್ಲಿ. ಪೊದೆಯ ಮರೆಯಲ್ಲಿ ನಿಂತಿದ್ದ ಆ ಘಳಿಗೆಯಲ್ಲಿ ಅವರ ಬಳಿ ನೋಂದಣಿ ಇರಲಿಲ್ಲ, ಎದೆಯ ಮೇಲೆ ಸಂಖ್ಯೆ ಇರಲಿಲ್ಲ, ಮಾನ್ಯತೆ ಇರಲಿಲ್ಲ. ತಿಂಗಳುಗಟ್ಟಲೆಯ ತಯಾರಿ ಇತ್ತು. ಅವರನ್ನು ಕ್ರೀಡಾಪಟು ಅಲ್ಲವೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ವಿದ್ವಾಂಸರೂ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ವೈದ್ಯಕೀಯ ಸಂಶೋಧನೆಗೆಂದು 2016ರಲ್ಲಿ ಮುಂದಿಟ್ಟ ಒಂದು ವ್ಯಾಖ್ಯೆಯಲ್ಲಿ ನಾಲ್ಕು ಷರತ್ತುಗಳಿವೆ: ಸಾಧನೆಯನ್ನು ಉತ್ತಮಪಡಿಸಿಕೊಳ್ಳಲು ತರಬೇತಿ ನಡೆಸುವುದು, ಸ್ಪರ್ಧೆಗಳಲ್ಲಿ ಭಾಗವಹಿಸುವುದು, ಕ್ರೀಡಾ ಒಕ್ಕೂಟವೊಂದರಲ್ಲಿ ನೋಂದಾಯಿಸಿಕೊಂಡಿರುವುದು, ಮತ್ತು ಕ್ರೀಡೆಯೇ ಬದುಕಿನ ಮುಖ್ಯ ಚಟುವಟಿಕೆಯಾಗಿರುವುದು. ಮೊದಲ ಎರಡನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅವು ಮನುಷ್ಯನಿಗೂ ಕ್ರೀಡೆಗೂ ಇರುವ ಸಂಬಂಧವನ್ನು ಹೇಳುತ್ತವೆ. ಮೂರನೆಯದು ಕಾಗದಪತ್ರದ ಮಾತು. ನಾಲ್ಕನೆಯದು ಬಿಡುವಿನ ಮಾತು, ಎಂದರೆ ಮತ್ತೆ ಅದೇ ಹಳೆಯ ಅಂತಸ್ತಿನ ಮಾತು: ದಿನದ ಎಂಟು ಗಂಟೆ ದುಡಿದು, ಮನೆಯವರ ಊಟ-ತಿಂಡಿ ನೋಡಿ, ಉಳಿದ ಹೊತ್ತಿನಲ್ಲಿ ಅಭ್ಯಾಸ ಮಾಡುವವರನ್ನು ಅದು ಹೊರಗಿಡುತ್ತದೆ.

ಹಾಗೆ ಹೊರಗಿಟ್ಟರೆ ಯಾರ್‍ಯಾರು ಹೊರಗೆ ಹೋಗುತ್ತಾರೆ ಎಂದು ಒಮ್ಮೆ ನೋಡಬೇಕು. ಜಪಾನಿನ ಯೂಕಿ ಕವಾಉಚಿ ಸೈತಾಮ ಪ್ರಾಂತ್ಯದ ಸರ್ಕಾರಿ ನೌಕರರಾಗಿ ಪೂರ್ಣಾವಧಿ ಕೆಲಸ ಮಾಡುತ್ತಿದ್ದರು. ಅಲ್ಲಿಯ ಪ್ರಬಲ ಓಟಗಾರರೆಲ್ಲ ಕಂಪನಿ ತಂಡಗಳಿಗೆ ಸೇರಿರುತ್ತಿದ್ದ ಕಾಲದಲ್ಲಿ ಇವರನ್ನು 'ನಾಗರಿಕ ಓಟಗಾರ' ಎಂದೇ ಕರೆಯುತ್ತಿದ್ದರು. 2018ರ ಬಾಸ್ಟನ್ ಮ್ಯಾರಥಾನ್‌ನಲ್ಲಿ, ಕೊರೆಯುವ ಚಳಿ, ಮಳೆ ಮತ್ತು ಎದುರುಗಾಳಿಗೆ ವೃತ್ತಿಪರರು ಒಬ್ಬೊಬ್ಬರಾಗಿ ಹಿಂದೆ ಬಿದ್ದಾಗ, 2 ಗಂಟೆ 15 ನಿಮಿಷ 58 ಸೆಕೆಂಡುಗಳಲ್ಲಿ ಗೆದ್ದವರು ಈ ನೌಕರ. ಆಸ್ಟ್ರಿಯಾದ ಆನ್ನಾ ಕೀಸೆನ್‌ಹೋಫರ್ ಗಣಿತದಲ್ಲಿ ಡಾಕ್ಟರೇಟ್ ಪಡೆದ ಸಂಶೋಧಕಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ರಸ್ತೆ ಸೈಕ್ಲಿಂಗ್‌ಗೆ ಬಂದಾಗ ಅವರಿಗೆ ಯಾವ ವೃತ್ತಿಪರ ತಂಡದ ಒಪ್ಪಂದವೂ ಇರಲಿಲ್ಲ. ತರಬೇತಿಯ ಯೋಜನೆಯನ್ನು ತಾವೇ ಹಾಕಿಕೊಳ್ಳುತ್ತಿದ್ದರು. ಸ್ಪರ್ಧೆಯ ಆರಂಭದಲ್ಲೇ ಮುಂದೆ ಹೋದ ಅವರು ಇನ್ನೂ ಮುಂದೆಯೇ ಇದ್ದಾರೆ ಎಂಬುದು ಹಿಂದಿನ ಗುಂಪಿನ ಹಲವರಿಗೆ ತಿಳಿದೇ ಇರಲಿಲ್ಲ. ಎರಡನೆಯವರಾಗಿ ಬಂದ ಅನ್ನೆಮೀಕ್ ವಾನ್ ವ್ಲೋಟನ್ ತಾವೇ ಗೆದ್ದೆವೆಂದು ಕೈಯೆತ್ತಿ ಸಂಭ್ರಮಿಸಿದರು.

ಇವರಿಬ್ಬರೂ ಅಪರೂಪದ ಪ್ರತಿಭೆಗಳು, ನನ್ನಂತಹವರ ವಾದಕ್ಕೆ ಇವರನ್ನು ಸಾಕ್ಷಿಯಾಗಿ ಕರೆಯುವುದು ನ್ಯಾಯವಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ನಾನು ಮ್ಯಾರಥಾನ್ ಮುಗಿಸುವುದು 4 ಗಂಟೆ 50 ನಿಮಿಷಗಳ ಆಸುಪಾಸಿನಲ್ಲಿ. 2023ರಲ್ಲಿ ಚಿಕಾಗೋದಲ್ಲಿ ಕೀನ್ಯಾದ ಓಟಗಾರ ಕೆಲ್ವಿನ್ ಕಿಪ್ಟಮ್ ಇದೇ ದೂರವನ್ನು 2 ಗಂಟೆ 35 ಸೆಕೆಂಡುಗಳಲ್ಲಿ ಓಡಿದರು. ಅವರು ಮಾಡಿದ್ದನ್ನೇ ನಾನೂ ಮಾಡುತ್ತೇನೆ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅವರ 42.195 ಕಿಲೋಮೀಟರೂ ನನ್ನ 42.195 ಕಿಲೋಮೀಟರೂ ಒಂದೇ ಅಳತೆಯವು, ಗಡಿಯಾರವೂ ಒಂದೇ. ಅದು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ದೇಹಕ್ಕಂತೂ ಪದವಿ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಓಡಿದ ಯಾರ ಹೃದಯವೇ ಆದರೂ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ಹೊರಹಾಕಲು ಕಲಿಯುತ್ತದೆ, ವಿಶ್ರಾಂತಿಯಲ್ಲಿ ನಾಡಿ ನಿಧಾನವಾಗುತ್ತದೆ. ಸ್ವೀಡನ್ನಿನ ಹೆನ್ಶೆನ್ ಎಂಬ ವೈದ್ಯರು ದೂರದ ಹಿಮಜಾರುವವರ ಎದೆಯನ್ನು ಬೆರಳಿನಿಂದ ಬಡಿದು ನೋಡಿ, ಅವರ ಹೃದಯ ದೊಡ್ಡದಾಗಿರುವುದನ್ನು 1899ರಲ್ಲೇ ಬರೆದಿಟ್ಟಿದ್ದರು. ಅಪಾಯಗಳ ವಿಷಯದಲ್ಲಿ ನಿಧಾನದವರ ಪಾಲು ಕೆಲವೊಮ್ಮೆ ಹೆಚ್ಚೇ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಓಡಿದವರಲ್ಲಿ, ಓಟದ ನಡುವೆ ಅತಿಯಾಗಿ ನೀರು ಕುಡಿದು ತೂಕ ಏರಿಸಿಕೊಂಡವರಲ್ಲಿ ಆ ಸಮಸ್ಯೆ ಹೆಚ್ಚಾಗಿ ಕಂಡಿತು. ಗೆದ್ದವರು ಸ್ನಾನ ಮುಗಿಸಿ ಕುಳಿತ ಹೊತ್ತಿಗೆ ನಾವು ಇನ್ನೂ ಬಿಸಿಲಿನಲ್ಲಿರುತ್ತೇವೆ. ಇದು ಹೆಗ್ಗಳಿಕೆಯಲ್ಲ; ಈ ದೇಹಗಳಿಗೆ ಕ್ರೀಡಾಪಟುವಿಗೆ ಸಲ್ಲಬೇಕಾದ ಗಮನ ಸಲ್ಲಬೇಕು ಎನ್ನುವುದಕ್ಕೆ ಕಾರಣ.

ಹಾಗಾದರೆ ಗೆರೆ ಎಲ್ಲಿ? ಇಲ್ಲಿ ನಮ್ಮ ಭಾಷೆ ನನಗೆ ನೆರವಾಗುತ್ತದೆ. ನಮ್ಮಲ್ಲಿ 'ಆಟಗಾರ' ಎಂಬ ಮಾತೂ ಇದೆ, 'ಕ್ರೀಡಾಪಟು' ಎಂಬ ಮಾತೂ ಇದೆ. ಆಡುವವರೆಲ್ಲ ಆಟಗಾರರು; ಅದಕ್ಕೆ ಆಟದ ಸಂತೋಷವೊಂದೇ ಸಾಕು. 'ಪಟು' ಎಂಬುದರಲ್ಲಿ ಸಾಮರ್ಥ್ಯವಿದೆ, ಪಳಗುವಿಕೆಯಿದೆ. 'ವಾಕ್ಪಟು' ಎನ್ನುವಾಗ ನಾವು ಮಾತನಾಡುವ ಎಲ್ಲರನ್ನೂ ಉದ್ದೇಶಿಸುವುದಿಲ್ಲ. ಭಾನುವಾರ ಗೆಳೆಯರೊಡನೆ ಒಂದು ಗಂಟೆ ಶಟಲ್ ಆಡಿ, ಮುಂದಿನ ಭಾನುವಾರದವರೆಗೆ ರ್‍ಯಾಕೆಟ್ ಮುಟ್ಟದವರು ಆಟಗಾರರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವವರು ತಮ್ಮ ಆರೋಗ್ಯಕ್ಕೆ ಬಹುದೊಡ್ಡ ಉಪಕಾರ ಮಾಡಿಕೊಳ್ಳುತ್ತಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ, ಆದರೆ ಅವರ ಗುರಿ ಆರೋಗ್ಯವೇ ಹೊರತು ಕ್ರೀಡೆಯಲ್ಲ. ಕ್ರೀಡಾಪಟು ಎಂದರೆ ನನ್ನ ಮಟ್ಟಿಗೆ, ಒಂದು ಕ್ರೀಡೆಯ ಅಳತೆಗೋಲಿಗೆ ತನ್ನನ್ನು ಒಪ್ಪಿಸಿಕೊಂಡು, ಆ ಅಳತೆಯಲ್ಲಿ ನಿನ್ನೆಗಿಂತ ಉತ್ತಮವಾಗಲು ನಿಯಮದಿಂದ ಅಭ್ಯಾಸ ಮಾಡಿ, ಆ ಅಭ್ಯಾಸವನ್ನು ಸ್ಪರ್ಧೆಯ ದಿನ ಎಲ್ಲರೆದುರು ಪರೀಕ್ಷೆಗೆ ಒಡ್ಡುವವರು. ವೇಗ ಎಷ್ಟು ಎಂಬುದು ಆಮೇಲಿನ ಪ್ರಶ್ನೆ. ಹವ್ಯಾಸಿ ನಟರನ್ನು ನಟರೆನ್ನುತ್ತೇವೆ, ಹವ್ಯಾಸಿ ಛಾಯಾಗ್ರಾಹಕರನ್ನು ಛಾಯಾಗ್ರಾಹಕರೆನ್ನುತ್ತೇವೆ. ಕ್ರೀಡೆಯ ವಿಷಯದಲ್ಲಿ ಮಾತ್ರ ನಾಲಗೆ ಏಕೆ ತಡವರಿಸಬೇಕು?

ಒಂದು ಕಾಲದಲ್ಲಿ ರಾಷ್ಟ್ರಮಟ್ಟದಲ್ಲಿ ಓಡಿದ ಗೆಳತಿಯೊಬ್ಬಳು ಈ ವಾದವನ್ನು ಒಪ್ಪುವುದಿಲ್ಲ. "ನಿನಗೆ ಕಾಲು ನೋವಾದರೆ ರಜೆ, ನನಗೆ ಕಾಲು ನೋವಾದಾಗ ಬದುಕೇ ಹೋಯಿತು, ಇಬ್ಬರಿಗೂ ಒಂದೇ ಹೆಸರು ಹೇಗೆ?" ಎಂದು ಅವಳು ಕೇಳಿದ್ದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅವಳು ತೆತ್ತ ಬೆಲೆಯನ್ನು ನಾನು ತೆತ್ತಿಲ್ಲ, ತೆರುವುದೂ ಇಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಮನೆ ಬಿಟ್ಟು, ಓದು ಬಿಟ್ಟು, ಒಂದು ಗಾಯದ ಭಯವನ್ನು ಹೊತ್ತು ಬದುಕಿದವಳ ಮುಂದೆ ನನ್ನ ಬೆಳಗಿನ ಐದು ಗಂಟೆಯ ಓಟ ಹಗುರವೇ. ಆದರೆ ಆ ವ್ಯತ್ಯಾಸವನ್ನು ಹೇಳಲು ಗಣ್ಯ, ವೃತ್ತಿಪರ, ರಾಷ್ಟ್ರೀಯ, ಅಂತರರಾಷ್ಟ್ರೀಯ ಎಂಬ ವಿಶೇಷಣಗಳಿವೆ, ಅವು ಅವಳಿಗೇ ಸೇರಿದ್ದು. ನಾನು ಕೇಳುತ್ತಿರುವುದು ನಾಮಪದವನ್ನು ಮಾತ್ರ. ಕ್ರೀಡಾಪಟು ಎಂಬ ಮಾತನ್ನು ಬಿರುದಾಗಿ ನೋಡಿದರೆ ಅದು ಹಂಚಿದಷ್ಟೂ ಸವಕಲಾಗುತ್ತದೆ. ಒಬ್ಬ ವ್ಯಕ್ತಿ ಏನು ಮಾಡುತ್ತಿದ್ದಾನೆ ಎಂಬುದರ ವರ್ಣನೆಯಾಗಿ ನೋಡಿದರೆ ಸವೆಯುವ ಪ್ರಶ್ನೆಯೇ ಬರುವುದಿಲ್ಲ.

ಹೆಸರನ್ನು ಕೇಳುವವರು ಅದರ ಹೊಣೆಯನ್ನೂ ಹೊರಬೇಕು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2021ರಿಂದ ಜಾರಿಗೆ ತಂದ ಸಂಹಿತೆಯಲ್ಲಿ 'ಹವ್ಯಾಸಿ ಕ್ರೀಡಾಪಟು' ಎಂಬ ವರ್ಗವೇ ಹೊಸದಾಗಿ ಸೇರಿತು. ತಪ್ಪು ಮಾಡಿದಾಗ ಇವರಿಗೆ ಶಿಕ್ಷೆಯಲ್ಲಿ ಹೆಚ್ಚಿನ ಸಡಿಲಿಕೆಗೆ ಅವಕಾಶವಿದೆ, ಹೆಸರನ್ನು ಬಹಿರಂಗಪಡಿಸುವುದು ಕಡ್ಡಾಯವಲ್ಲ. ಆದರೂ ಅವರು ಕ್ರೀಡಾಪಟುಗಳು, ನಿಯಮದ ಒಳಗಿರುವವರು. ಇನ್ನೊಬ್ಬರ ಹೆಸರಿನ ಸಂಖ್ಯೆ ಧರಿಸಿ ಓಡುವುದು, ತಿರುವಿನಲ್ಲಿ ದಾರಿ ಕತ್ತರಿಸುವುದು, ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗಿ ಮೂತ್ರಪಿಂಡಗಳನ್ನು ಅಪಾಯಕ್ಕೊಡ್ಡುವುದು, ಇವೆಲ್ಲ 'ನಾವೇನು ಒಲಿಂಪಿಕ್ಸ್‌ಗೆ ಹೋಗುತ್ತೇವೆಯೇ' ಎಂಬ ಮಾತಿನ ಮರೆಯಲ್ಲಿ ನಡೆಯುತ್ತವೆ. ಆ ಮಾತನ್ನು ನಾವೇ ಮೊದಲು ಬಿಡಬೇಕು.

ಆಯೋಜಕರಿಗೂ ನನ್ನದೊಂದು ಕೋರಿಕೆ ಇದೆ. ಮೂಳೆ ಕೂಡಿದ ಮೇಲೆ ನಾನು ಓಡಿದ ಮೊದಲ ಮ್ಯಾರಥಾನ್‌ನಲ್ಲಿ ಗರಿಷ್ಠ ಅವಧಿ ಆರು ಗಂಟೆ ಎಂದು ಘೋಷಿಸಿದ್ದರು. 35ನೆಯ ಕಿಲೋಮೀಟರ್ ತಲುಪಿದಾಗ ನಾಲ್ಕು ಗಂಟೆ ಐದು ನಿಮಿಷ ಆಗಿತ್ತು. ಅಲ್ಲಿ ನೀರಿನ ಮೇಜನ್ನು ಮಡಚಿ ವಾಹನಕ್ಕೆ ಏರಿಸುತ್ತಿದ್ದರು. "ಓಟಗಾರರೆಲ್ಲ ಹೋಗಿಯಾಯಿತು ಅಂದರು" ಎಂದ ಸ್ವಯಂಸೇವಕ ಹುಡುಗ, ನನ್ನ ಮುಖ ನೋಡಿ ತನ್ನ ಬಾಟಲಿಯನ್ನೇ ಕೈಗಿತ್ತ. ನನ್ನ ಹಿಂದೆ ಇನ್ನೂ ಮೂವತ್ತು ನಲವತ್ತು ಜನ ಬರುತ್ತಿದ್ದರು. ಅವರೆಲ್ಲ ಹಣ ಕಟ್ಟಿ ಹೆಸರು ನೋಂದಾಯಿಸಿದವರು, ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರು, ನಿಗದಿತ ಅವಧಿಯೊಳಗೇ ಇದ್ದವರು. ಅವರು ಬರುತ್ತಿದ್ದಾರೆ ಎಂದು ಆ ಹುಡುಗನಿಗೆ ಹೇಳಿದೆ; ಅವನು ವಾಹನವನ್ನು ನಿಲ್ಲಿಸಲು ಓಡಿದ.