ತೋಟ ನನ್ನದು, ಗುಡ್ಡ ಯಾರದು?

ಪ್ರಶ್ನೆ: ಕೊಡಗಿನಲ್ಲಿ ಸ್ವಂತ ಜಾಗದ ಗುಡ್ಡ ಅಗೆಯಲು, ಸ್ವಂತ ತೋಟದ ಮರ ಕಡಿಯಲು ಸರ್ಕಾರದ ಅಪ್ಪಣೆ ಇರಬೇಕೆ?

ಪರ

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಮಣ್ಣು ಪಹಣಿ ನೋಡಿಕೊಂಡು ಇಳಿಯಲಿಲ್ಲ. ಮೇಲಿನವರ ಕಾಫಿ ತೋಟ ಗಿಡಮರಗಳ ಸಮೇತ ಕೆಳಗಿನವರ ಗದ್ದೆಗೆ ಬಂದು ಕುಳಿತಿತು. ತೋಡುಗಳು ಹೂಳು ತುಂಬಿ ದಿಕ್ಕು ಬದಲಿಸಿದವು. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ಹೆದ್ದಾರಿ ವಾರಗಟ್ಟಲೆ ಬಂದ್ ಆಯಿತು. ಸಾವಿರಾರು ಮಂದಿ ಪರಿಹಾರ ಕೇಂದ್ರ ಸೇರಿದರು. ಅವರಲ್ಲಿ ಬಹಳಷ್ಟು ಜನ ತಮ್ಮ ಜಾಗದಲ್ಲಿ ಒಂದು ಗುದ್ದಲಿ ಮಣ್ಣನ್ನೂ ತಪ್ಪಾಗಿ ತೆಗೆದವರಲ್ಲ.

‘ನನ್ನ ಜಾಗ, ನನ್ನ ಇಷ್ಟ’ ಎಂಬ ಮಾತು ಬಯಲುಸೀಮೆಯಲ್ಲಿ ಒಂದಿಷ್ಟು ದೂರ ನಡೆಯಬಹುದು. ಕೊಡಗಿನಲ್ಲಿ ಪ್ರತಿಯೊಬ್ಬನ ಕೆಳಗೂ ಇನ್ನೊಬ್ಬನಿದ್ದಾನೆ. ಇಲ್ಲಿನ ಇಳಿಜಾರು ಹೇಗೆ ನಿಂತಿದೆ ಎಂದು ನೋಡಿದರೆ ವಿಷಯ ತಿಳಿಯಾಗುತ್ತದೆ. ಬಂಡೆಯ ಮೇಲೆ ದಪ್ಪಗೆ ಕೂತಿರುವುದು ಶಿಥಿಲಗೊಂಡ ಮಣ್ಣು. ಅದನ್ನು ತಡೆದು ಹಿಡಿದಿರುವುದು ಗುಡ್ಡದ ಬುಡ ಮತ್ತು ಬೇರುಗಳು. ಮನೆಗೆ, ರಸ್ತೆಗೆ, ರೆಸಾರ್ಟಿನ ಕಾರು ನಿಲ್ಲಿಸುವ ಜಾಗಕ್ಕೆ ಬುಡವನ್ನು ನೇರವಾಗಿ ಕತ್ತರಿಸಿದರೆ ಮೇಲಿನ ಬರೆಗೆ, ಅಂದರೆ ಕಡಿದಾದ ಮಣ್ಣಿನ ಗೋಡೆಗೆ, ಆಸರೆ ಹೋಗುತ್ತದೆ. ಅಗೆದ ಮಣ್ಣನ್ನು ಪಕ್ಕದ ಕೊಲ್ಲಿಗೆ (ಗುಡ್ಡಗಳ ನಡುವಿನ ಕಣಿವೆಗೆ) ಸುರಿದರೆ ನೀರು ಹರಿಯುವ ದಾರಿ ಮುಚ್ಚುತ್ತದೆ. ಹರಿದುಹೋಗಬೇಕಾದ ನೀರು ಒಳಗೆ ಇಳಿಯುತ್ತದೆ, ಮಣ್ಣಿನ ಭಾರ ಏರುತ್ತದೆ, ಹಿಡಿತ ಸಡಿಲವಾಗುತ್ತದೆ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೂ ವಿಪರೀತ ಮಳೆಯ ಜೊತೆಗೆ ಇಳಿಜಾರುಗಳನ್ನು ಮನಬಂದಂತೆ ಕತ್ತರಿಸಿದ್ದನ್ನು ಕಾರಣವಾಗಿ ಎತ್ತಿ ತೋರಿಸಿತು.

ಅಜ್ಜಂದಿರ ಕಾಲದಲ್ಲೂ ಬರೆ ಕಡಿದಿದ್ದಾರೆ, ನಿಜ. ಆದರೆ ಆಗ ಗುದ್ದಲಿ ಒಂದು ಬೇಸಿಗೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಈಗ ಜೆಸಿಬಿ ಮಧ್ಯಾಹ್ನದ ಊಟದೊಳಗೆ ಮುಗಿಸುತ್ತದೆ. ಅನಾಹುತ ಆದ ಮೇಲೆ ಕೋರ್ಟಿಗೆ ಹೋಗಿ ಪರಿಹಾರ ಕೇಳಲಿ ಎನ್ನುವವರೂ ಇದ್ದಾರೆ. ಯಾರ ಮೇಲೆ ಕೇಸು ಹಾಕುವುದು? ಒಂದೇ ಗುಡ್ಡಕ್ಕೆ ಹತ್ತಾರು ಮಾಲೀಕರು, ಪ್ರತಿಯೊಬ್ಬರದ್ದೂ ‘ಸ್ವಲ್ಪ’ ಕೊರೆತ. ಕುಸಿದ ಮೇಲೆ ಸಾಕ್ಷ್ಯವೇ ಕೆಳಗಿನ ಹೊಳೆಯಲ್ಲಿರುತ್ತದೆ. ಆದ್ದರಿಂದ ಈ ವಿಚಾರದಲ್ಲಿ ನಿಯಮ ಮುಂಚಿತವಾಗಿಯೇ ಇರಬೇಕು.

ಮರದ ವಾದವೂ ಇದರಿಂದಲೇ ಹುಟ್ಟುತ್ತದೆ. ಕೊಡಗಿನ ಕಾಫಿ ಕಾಡಿನ ನೆರಳಿನಲ್ಲಿ ಬೆಳೆದದ್ದು. ತೊಂಬತ್ತರ ದಶಕದಲ್ಲಿ ಕಾಫಿ ಮಾರಾಟ ಮುಕ್ತವಾಗಿ ಬೆಲೆ ಏರಿದಾಗ ಅನೇಕರು ಬಿಸಿಲು ಬೇಕೆಂದು ಮರಗಳನ್ನು ತೆಗೆದರು. ಆ ಲಾಭ ತೋಟದವನದು. ನಷ್ಟ ಮಾತ್ರ ಕೃಷ್ಣರಾಜಸಾಗರದವರೆಗೆ, ಅಲ್ಲಿಂದ ಬೆಂಗಳೂರಿನ ನಲ್ಲಿ ಮತ್ತು ತಮಿಳುನಾಡಿನ ಗದ್ದೆಯವರೆಗೆ ಹಂಚಿಕೆಯಾಗುತ್ತದೆ. ತಲಕಾವೇರಿ ಇರುವ ಜಿಲ್ಲೆಯ ಮರವನ್ನು ಬರೀ ಮನೆವಾರ್ತೆಯೆಂದು ನೋಡಲಾಗದು.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಕೇಂದ್ರ ಸರ್ಕಾರದ ಕರಡು ಅಧಿಸೂಚನೆಯಲ್ಲಿ ಕೊಡಗಿನ 55 ಗ್ರಾಮಗಳಿವೆ. ಅದು ಬಂದರೆ ಗೊಬ್ಬರ ಹಾಕುವಂತಿಲ್ಲ, ಮನೆಗೆ ಹಂಚು ಹೊದಿಸುವಂತಿಲ್ಲ ಎಂಬ ಮಾತು ಊರೂರು ತಿರುಗಿತು. ಕರಡು ತಡೆಯುವುದು ಗಣಿಗಾರಿಕೆ, ಕಲ್ಲುಕೋರೆ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯದ) ಕೈಗಾರಿಕೆ ಮತ್ತು 20,000 ಚದರ ಮೀಟರ್ ಮೀರಿದ ಕಟ್ಟಡಗಳನ್ನು. ಅಷ್ಟು ದೊಡ್ಡ ಕಟ್ಟಡ ಕಟ್ಟುವ ಬೆಳೆಗಾರ ಯಾರೆಂದು ತಿಳಿಯಲು ನನಗೂ ಕುತೂಹಲವಿದೆ.

ಕಟ್ಟುಪಾಡು ಕೊಡಗಿಗೆ ವಿಧಾನಸೌಧದಿಂದ ಬಂದದ್ದೂ ಅಲ್ಲ. ಜಿಲ್ಲೆಯಲ್ಲಿ 1,214 ದೇವರಕಾಡುಗಳು, ಸುಮಾರು 2,550 ಹೆಕ್ಟೇರ್ ಉಳಿದಿರುವುದು ಅಲ್ಲಿ ಕೊಡಲಿ ಹಾಕಬಾರದೆಂದು ಊರೇ ವಿಧಿಸಿಕೊಂಡದ್ದರಿಂದ. ಆ ಕಟ್ಟು ಸಡಿಲವಾದ ಕಡೆಗಳಲ್ಲಿ ಒತ್ತುವರಿಯಾಗಿ ಕಾಫಿ ಗಿಡ ಎದ್ದಿದೆ.

ವಿರೋಧ

ಮೊದಲು ಸಿಲ್ವರ್ ಓಕ್ ಮರದ ಕಥೆಯನ್ನೇ ತೆಗೆದುಕೊಳ್ಳೋಣ. ‘ಪರ’ದವರು ಅದನ್ನು ಮುಟ್ಟದೆ ದಾಟಿಹೋಗಿದ್ದಾರೆ.

ಒಬ್ಬ ಸಣ್ಣ ಬೆಳೆಗಾರನ ತೋಟದಲ್ಲಿ ನಂದಿ, ಹೊನ್ನೆ, ಬೀಟೆಯಂಥ ಕಾಡುಜಾತಿಯ ಮರಗಳಿವೆ ಎನ್ನಿ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಕಾಯ್ದೆ ಇದೆ. ಮಗಳ ಮದುವೆಗೋ ಮನೆ ರಿಪೇರಿಗೋ ಒಂದು ಮರ ಬೇಕಾದರೆ ಅರ್ಜಿ, ದಾಖಲೆ, ಸ್ಥಳ ತನಿಖೆ, ಅಳತೆ, ಗುರುತು, ಸಾಗಿಸಲು ಪರ್ಮಿಟ್. ಜಾಗ ‘ಅನ್‌ರಿಡೀಮ್ಡ್’ ಆಗಿದ್ದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಬೇಕು, ಏಕೆಂದರೆ ನೆಲ ಅವನದಾದರೂ ಮರ ಅವನದಲ್ಲ. ಸಿಲ್ವರ್ ಓಕ್‌ಗೆ ಈ ಯಾವ ತಾಪತ್ರಯವೂ ಇಲ್ಲ. ಆಸ್ಟ್ರೇಲಿಯಾದಿಂದ ಬಂದ ಈ ಮರ ನೆಟ್ಟಗೆ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿ ಹಬ್ಬಿಸಬಹುದು, ಹಣ ಬೇಕಾದಾಗ ಕಡಿದು ಮಾರಬಹುದು. ತಲೆ ನೆಟ್ಟಗಿರುವ ಯಾವ ರೈತ ಯಾವುದನ್ನು ನೆಡುತ್ತಾನೆ?

ಇದಕ್ಕಿಂತ ಕೆಟ್ಟದ್ದು ಕಳೆ ಕೊಚ್ಚುವಾಗ ನಡೆಯುತ್ತದೆ. ಹಕ್ಕಿ ಉದುರಿಸಿದ ಬೀಜದಿಂದ ತಾನಾಗಿ ಎದ್ದ ಕಾಡುಜಾತಿಯ ಸಸಿಯನ್ನು ಕಳೆಯ ಜೊತೆಗೇ ಕಿತ್ತುಹಾಕುವುದು ಜಾಣತನವಾಗಿಬಿಟ್ಟಿದೆ. ಬಿಟ್ಟರೆ ಅದು ದೊಡ್ಡದಾಗುತ್ತದೆ, ದೊಡ್ಡದಾದರೆ ಸರ್ಕಾರದ್ದಾಗುತ್ತದೆ. ಕೊಡಗಿನ ತೋಟಗಳ ನೆರಳು ದಶಕಗಳಿಂದ ಸದ್ದಿಲ್ಲದೆ ಸಿಲ್ವರ್ ಓಕ್ ಕಡೆಗೆ ವಾಲಿರುವುದರಲ್ಲಿ ದುರಾಸೆಯ ಪಾಲು ಇರಬಹುದು, ಕಾಯ್ದೆಯ ಪಾಲೂ ದೊಡ್ಡದೇ. ಶ್ರೀಗಂಧದಲ್ಲಿ ಇದೇ ಪಾಠವನ್ನು ಕರ್ನಾಟಕ ಒಮ್ಮೆ ಕಲಿತಿದೆ. ಯಾರ ಹಿತ್ತಲಲ್ಲಿ ಬೆಳೆದರೂ ಗಂಧ ಸರ್ಕಾರದ ಸೊತ್ತಾಗಿದ್ದಷ್ಟು ಕಾಲ ಜನ ಅದನ್ನು ಬೆಳೆಸಲು ಹೆದರಿದರು. 2001ರಲ್ಲಿ ಕಾನೂನು ತಿದ್ದಿ ಬೆಳೆದವನಿಗೆ ಹಕ್ಕು ಕೊಟ್ಟ ಮೇಲೆ ರೈತರೇ ಗಂಧದ ಸಸಿ ಹುಡುಕಿಕೊಂಡು ಹೊರಟರು.

ಬಾಣೆ ಜಮೀನಿನ ಗೋಜಲು ಇನ್ನೊಂದು ಅಧ್ಯಾಯ. ಗದ್ದೆಗೆ ಜೋಡಿಸಿ ಸೊಪ್ಪು, ಸೌದೆ, ಮೇವಿಗೆಂದು ಕೊಟ್ಟ ಈ ಜಾಗಗಳ ಲೆಕ್ಕ 1899ರ ಭೂಕಂದಾಯ ರೆಗ್ಯುಲೇಷನ್‌ವರೆಗೆ ಹಿಂದಕ್ಕೆ ಹೋಗುತ್ತದೆ. ಬ್ರಿಟಿಷರು ಹೋದರು, ಕೊಡಗು 1956ರಲ್ಲಿ ಮೈಸೂರು ರಾಜ್ಯ ಸೇರಿತು, ಆದರೂ ಎಷ್ಟೋ ಒಕ್ಕಗಳ (ಕೊಡವ ಮನೆತನಗಳ) ದಾಖಲೆಗಳಲ್ಲಿ ತೀರಿಹೋದ ಪಟ್ಟೆದಾರರೇ, ಅಂದರೆ ಮನೆತನದ ಹಿರಿಯರೇ, ಕೂತಿದ್ದಾರೆ. ಅಂಥ ಕಾಗದ ಹಿಡಿದು ಅಪ್ಪಣೆ ಕೇಳಲು ಹೋದವನಿಗೆ ಮೊದಲ ಮೇಜಿನಲ್ಲೇ ‘ದಾಖಲೆ ಸರಿಮಾಡಿಕೊಂಡು ಬಾ’ ಎಂಬ ಉತ್ತರ. ಹೊರಗಿನಿಂದ ಬಂದು ಗುಡ್ಡ ಖರೀದಿಸಿದ ರೆಸಾರ್ಟಿನವನಿಗೆ ವಕೀಲನಿದ್ದಾನೆ, ಇಂಜಿನಿಯರ್ ಇದ್ದಾನೆ, ಕಚೇರಿಯ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬ ಜ್ಞಾನವಿದೆ. ಅಪ್ಪಣೆಯ ವ್ಯವಸ್ಥೆ ಗುಡ್ಡವನ್ನು ಸೋಸುವುದಿಲ್ಲ, ದುಡ್ಡಿಲ್ಲದವರನ್ನು ಸೋಸುತ್ತದೆ.

ಅಪ್ಪಣೆ ಕೊಡುವವರೇ ಕಡಿದರೆ ಯಾರನ್ನು ಕೇಳುವುದು? ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ವಿದ್ಯುತ್ ಮಾರ್ಗಕ್ಕೆಂದು ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರಗಳು ಉರುಳಿದವು. ಜನ ಬೀದಿಗಿಳಿದರೂ ಮಾರ್ಗ ನಿಲ್ಲಲಿಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಬೆಟ್ಟ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸಿಲುಕಿದಾಗ, ಬೆಟ್ಟದ ಮೇಲೆ ಸರ್ಕಾರವೇ ತೋಡಿಸಿದ್ದ ಇಂಗುಗುಂಡಿಗಳ ಬಗ್ಗೆ ಪ್ರಶ್ನೆಗಳೆದ್ದವು. ಅಲ್ಲಿ ಯಾವ ಹೋಂಸ್ಟೇಯ ಜೆಸಿಬಿಯೂ ಇರಲಿಲ್ಲ.

ಸರ್ಕಾರದ ಹಿಡಿತ ಸಡಿಲಿಸಿದರೆ ಆಕಾಶ ಕಳಚಿ ಬೀಳುತ್ತದೆ ಎಂಬ ಭಯವನ್ನು ಕಾಫಿಯವರಿಗೆ ಹೇಳಬೇಡಿ. 1942ರ ಕಾಫಿ ಕಾಯ್ದೆಯಡಿ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ (ಎಲ್ಲರ ಬೆಳೆ ಸೇರಿಸಿಡುವ ದಾಸ್ತಾನಿಗೆ) ಒಪ್ಪಿಸಿ ಹಣಕ್ಕಾಗಿ ಕಾಯಬೇಕಿತ್ತು. ತಾನು ಬೆಳೆದದ್ದನ್ನು ತನಗೆ ಬೇಕಾದವನಿಗೆ ಮಾರುವುದು ಅಪರಾಧವಾಗಿತ್ತು. ತೊಂಬತ್ತರ ದಶಕದ ನಡುವೆ ಆ ಬೇಲಿ ಪೂರ್ತಿ ಹೋಯಿತು. ಈಗಲೂ ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ಕೊಡಗೇ.

ಇನ್ನು ಸೂಕ್ಷ್ಮ ಪ್ರದೇಶ. ಕರಡಿನಲ್ಲಿ ಏನಿದೆ ಎಂಬುದಕ್ಕಿಂತ ಅದು ಹೇಗೆ ಬಂತು ಎಂಬುದು ಜನರನ್ನು ಕೆರಳಿಸಿತು. ಪಶ್ಚಿಮ ಘಟ್ಟದ ಬಗ್ಗೆ 2011ರಲ್ಲಿ ವರದಿ ಕೊಟ್ಟ ಗಾಡ್ಗೀಳ್ ಸಮಿತಿ ಗ್ರಾಮಸಭೆಗಳನ್ನು ಕೇಳಿ ತೀರ್ಮಾನಿಸಿ ಎಂದಿತ್ತು. ಎರಡು ವರ್ಷದ ನಂತರ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ಇಟ್ಟುಕೊಂಡು ಗಡಿ ಎಳೆಯಿತು. ಅದರ ಆಧಾರದಲ್ಲಿ 2014ರಿಂದ 2024ರವರೆಗೆ ಕರಡಿನ ಮೇಲೆ ಕರಡು ಬಂತು, ಯಾವುದೂ ಅಂತಿಮವಾಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವೇ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಹತ್ತು ವರ್ಷ ರಕ್ಷಣೆಯೂ ಸಿಗಲಿಲ್ಲ, ನೆಮ್ಮದಿಯೂ ಸಿಗಲಿಲ್ಲ.

ಬರೆ ಕಡಿಯುವ ವಿಷಯದಲ್ಲಿ ಮಾತ್ರ ‘ಪರ’ದವರ ವಾದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕೆಳಗಿನ ಮನೆಯವನ ಜೀವವನ್ನು ಪಣಕ್ಕಿಡುವುದು ನನ್ನ ಸ್ವಾತಂತ್ರ್ಯದ ಲೆಕ್ಕಕ್ಕೆ ಬರುವುದಿಲ್ಲ. ಹಾಗಿದ್ದರೂ ಅದಕ್ಕೆ ಬೇಕಾದದ್ದು ಇನ್ನೊಂದು ಅನುಮತಿ ಪತ್ರವಲ್ಲ. ಎಷ್ಟು ಓರೆಯ ಇಳಿಜಾರಿನಲ್ಲಿ ಎಷ್ಟು ಎತ್ತರ ಕಡಿಯಬಹುದು, ಅಗೆದ ಮಣ್ಣು ಎಲ್ಲಿ ಹಾಕಬೇಕು, ಚರಂಡಿ ಎಲ್ಲಿಗೆ ಬಿಡಬೇಕು, ಮಳೆಗಾಲದ ಯಾವ ತಿಂಗಳಲ್ಲಿ ಯಂತ್ರ ಇಳಿಸಬಾರದು ಎಂದು ಒಂದೇ ಪುಟದಲ್ಲಿ ಬರೆದು ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಮುಖ ನೋಡಿ ಬದಲಾಗದ ನಿಯಮವಾಗಿರಲಿ, ರಸ್ತೆ ಅಗಲ ಮಾಡುವ ಗುತ್ತಿಗೆದಾರನಿಗೂ ಅದೇ ಅನ್ವಯಿಸಲಿ. ಮರದ ಮೇಲಿನ ಹಿಡಿತವನ್ನು ಬಿಡಲಿ. ಇಂದು ತೋಟದಲ್ಲಿ ನಂದಿ, ಹೊನ್ನೆ ಸಸಿ ನೆಟ್ಟವನ ಹೆಸರನ್ನು ಪಂಚಾಯಿತಿಯಲ್ಲೇ ದಾಖಲಿಸಿ, ಮೂವತ್ತು ವರ್ಷದ ನಂತರ ಅದನ್ನು ಕಡಿಯಲು ಅವನ ಮಕ್ಕಳು ಯಾರನ್ನೂ ಕೇಳಬೇಕಿಲ್ಲವೆಂದು ಬರೆದು ಕೊಡಲಿ.